ಎರಡನೆಯ ಗುಳ್ಳೆ

ಮಾರ್ಚ್ 4, ಮಂಗಳವಾರ

ಕೊನೆಗೂ ಆ ಮರಗಳ ಗುಂಪು ನನ್ನ ಮೇಜಿಗೇ ಬಂತು. ಜಾಲಿಯ ಬಳಗಕ್ಕೆ ಸೇರಿದ ಬೆಟ್ಟದ ವ್ಯಾಟಲ್ ಮರಗಳ ಬಗ್ಗೆ ನಮ್ಮ ಸಸ್ಯಸಂಗ್ರಹಾಲಯ ಹೊಸ ಕೈಪಿಡಿ ತರುತ್ತಿದೆ. ಮುಖ್ಯಸ್ಥರು ಬೆಳಿಗ್ಗೆ ಕರೆದು, ಕಿರಿದಾದ ಎಲೆಯ ಜಾತಿಗಳನ್ನು ನೀವು ನೋಡಿ ಎಂದರು. "ನಿಮ್ಮಣ್ಣನವರು ಹೆಸರಿಟ್ಟ ಜಾತಿನೂ ಅದರಲ್ಲೇ ಇದೆ. ಸಂಕೋಚ ಇದ್ರೆ ಹೇಳಿ ಮೇಡಂ, ಬೇರೆಯವರಿಗೆ ಕೊಡ್ತೀನಿ."

ಸಂಕೋಚವಂತೆ! ಇದಕ್ಕಾಗಿ ಮೂವತ್ತು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೇನೆ ಎಂದು ಹೇಳಲಿಲ್ಲ. ಕೊಡಿ ಅಂದೆ.

ಓದುವವರಿಗೆ ಸಲೀಸಾಗಿ ಹೇಗೆ ಹೇಳುವುದೆಂದು ಇಲ್ಲೇ ಬರೆದು ನೋಡುತ್ತೇನೆ. ಈ ವ್ಯಾಟಲ್‌ಗಳಲ್ಲಿ ನಾವು ಎಲೆ ಎನ್ನುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಹಕ್ಕಿಯ ಗರಿಯಂಥ ನಿಜವಾದ ಎಲೆ ಇರುವುದು ಸಸಿಯಾಗಿದ್ದಾಗ ಮಾತ್ರ. ದೊಡ್ಡದಾದ ಮೇಲೆ ಅದು ಉದುರಿ ತೊಟ್ಟೇ ಎಲೆಯ ಕೆಲಸ ವಹಿಸಿಕೊಳ್ಳುತ್ತದೆ. ಅದರ ಮೇಲಂಚಿನಲ್ಲಿ, ಬುಡದ ಹತ್ತಿರ, ಸಾಸಿವೆಗಿಂತ ಚಿಕ್ಕದೊಂದು ಗ್ರಂಥಿ. ಪುಸ್ತಕದಲ್ಲಿ ಗ್ರಂಥಿ, ನಮ್ಮ ಕೋಣೆಯ ಮಾತಿನಲ್ಲಿ ಗುಳ್ಳೆ. ಎಲ್ಲೆಲ್ಲೂ ಬೆಳೆಯುವ ಸಾಮಾನ್ಯ ಜಾತಿಗೆ ಒಂದೇ ಗುಳ್ಳೆ. ಅಣ್ಣನ ಜಾತಿಗೆ ಎರಡು. ಎರಡನೆಯದು ಅಂಚಿನ ನಡುವೆ, ಅಲ್ಲಿಂದ ನಡುನರಕ್ಕೆ ಕೂದಲೆಳೆಯಂಥ ಒಂದು ನರ. ಅಷ್ಟೇ ವ್ಯತ್ಯಾಸ. ಹೂವು ಅದೇ, ಕಾಯಿ ಅದೇ, ತೊಗಟೆ ಅದೇ.

ಆ ಒಂದು ಗುಳ್ಳೆಯ ಮೇಲೆ ಅಣ್ಣ ಹೊಸ ಜಾತಿಯೊಂದನ್ನು ಕಟ್ಟಿ ನಿಲ್ಲಿಸಿದ. ಸಾಮಾನ್ಯ ಜಾತಿಯಲ್ಲೇ ಇದೊಂದು ರೂಪ ಇರಬಹುದಲ್ಲ ಎಂದು ನಾನು ಆಗಲೇ ಕೇಳಿದ್ದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಹತ್ತಿರ ಏನು ವಾದ? ಅವನ ಲೇಖನಕ್ಕೆ ಎಲೆ ಎಲೆ ಹಿಡಿದು ಅಳೆದವಳು ನಾನು. ಕೊನೆಯ ಸಾಲಿನಲ್ಲಿ "ಅಳತೆಗೆ ನೆರವಾದ ಸೋದರಿಗೆ" ವಂದನೆ. ಸೋದರಿಗೆ ಒಂದು ಹೆಸರೂ ಇತ್ತು ಮಹಾರಾಯ.

ಮಾರ್ಚ್ 6, ಗುರುವಾರ

ಮಾಳಿಗೆಯ ನನ್ನ ಕೋಣೆಗೆ ಹೋಗಬೇಕಾದರೆ ಅಣ್ಣನ ಕೋಣೆ ದಾಟಲೇಬೇಕು. ಹೆಜ್ಜೆಯ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಮೊದಲು ಅವನ ಕಣ್ಣು ತಿಂದಿತು, ಈಗ ಮೂತ್ರಪಿಂಡ ತಿನ್ನುತ್ತಿದೆ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಕೊಟ್ಟಿದ್ದಾರೆ. ಅದರ ಅರ್ಥ ಅತ್ತಿಗೆಗೂ ಗೊತ್ತು, ನನಗೂ ಗೊತ್ತು, ಅವನಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

"ಗಿಡ್ಡಿ," ಎಂದು ಕರೆದ. ಐವತ್ತೇಳು ವರ್ಷದ ಹೆಂಗಸನ್ನು ಗಿಡ್ಡಿ ಎಂದು ಕರೆಯುವ ಪ್ರಾಣಿ ಈ ಭೂಮಿಯ ಮೇಲೆ ಇವನೊಬ್ಬನೇ. "ನನ್ನ ಮರ ನಿನ್ನ ಕೈಗೆ ಬಂತಂತೆ?"

"ನಿಮಗ್ಯಾರು ಹೇಳಿದ್ದು ದೊರೆಗಳೇ?"

"ನಿಮ್ಮತ್ತಿಗೆ. ಏನಂತೆ ನನ್ನ ಮರ?"

"ಇನ್ನೂ ನೋಡಿಲ್ಲ."

"ನೋಡು, ನೋಡು. ಚೆನ್ನಾಗಿ ನೋಡು." ಖುಷಿಯಲ್ಲಿದ್ದ. ಗಂಜಿ ಎರಡು ಚಮಚ ಹೆಚ್ಚು ಕುಡಿದನೆಂದು ಅತ್ತಿಗೆ ಮೆಟ್ಟಿಲ ತನಕ ಬಂದು ಹೇಳಿ ಹೋದಳು. ಕುಡಿದರೆ ಕುಡಿಯಲಿ, ನನಗೇನು.

ಮಾರ್ಚ್ 10, ಸೋಮವಾರ

ಕೊಂಬೆಗಳನ್ನು ಒಣಗಿಸಿ ಅಂಟಿಸಿದ ಹಾಳೆಗಳನ್ನೆಲ್ಲ ಬೀರುವಿನಿಂದ ತೆಗೆದೆ. ಅಣ್ಣನ ಜಾತಿಯ ಹಾಳೆಗಳು ಬೆರಳೆಣಿಕೆಯಷ್ಟು, ಅಷ್ಟೂ ಒಂದೇ ಮರದವು. ಎಲ್ಲವೂ ತುದಿ ಕೊಂಬೆಗಳು. ಉದ್ದ ಕೋಲಿನ ಕತ್ತರಿಯಲ್ಲಿ ಮೇಲಿನದನ್ನೇ ಎಟುಕಿಸಿ ಕತ್ತರಿಸುತ್ತಿದ್ದ, ಹೂವು ಅಲ್ಲೇ ಚೆನ್ನಾಗಿರುತ್ತದೆಂದು. ಕೆಳಗಿನ ಕೊಂಬೆಯ ಒಂದು ಹಾಳೆಯೂ ಇಲ್ಲ.

ಆಮೇಲೆ ಸಾಮಾನ್ಯ ಜಾತಿಯ ಕಟ್ಟು ಬಿಚ್ಚಿದೆ. ಭೂತಗನ್ನಡಿಯಡಿ ನೋಡುತ್ತ ಹೋದರೆ ಅಲ್ಲೊಂದು ಇಲ್ಲೊಂದು ಎಲೆಯಲ್ಲಿ, ಅಂಚಿನ ನಡುವೆ, ಸಣ್ಣ ಉಬ್ಬು. ಗುಳ್ಳೆ ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಕೈ ತುರಿಸಿತು. ಕಣ್ಣೆದುರೇ ಮೂವತ್ತು ವರ್ಷ ಇದ್ದದ್ದು ಯಾರಿಗೂ ಕಾಣಲಿಲ್ಲ. ಗುರುವಾರ ಬೆಟ್ಟಕ್ಕೆ ಜೀಪು ಕೇಳಿದ್ದೇನೆ.

ಮಾರ್ಚ್ 13, ಗುರುವಾರ

ಮರ ಸಿಕ್ಕಿತು. ಅಣ್ಣ ಲೇಖನದಲ್ಲಿ ಹೇಳಿದ ಬಂಡೆಯ ಪಕ್ಕದಲ್ಲೇ, ಮೈತುಂಬ ಹಳದಿ ಹೂ ಬಿಟ್ಟುಕೊಂಡು ನಿಂತಿದೆ.

ಬಿಸಿಲಿನ ಕಡೆಯ ಎಲೆಗಳಿಗೆ ಎರಡು ಗುಳ್ಳೆ. ನೆರಳಿನ ಕಡೆಯವಕ್ಕೆ ಒಂದು. ಒಂದೇ ಕೊಂಬೆಯನ್ನು ಬುಡದಿಂದ ತುದಿಗೆ ಕೈಯಾಡಿಸಿಕೊಂಡು ಹೋದರೆ ಒಂದು, ಒಂದು, ಒಂದು, ಆಮೇಲೆ ಮಸುಕಾದ ಉಬ್ಬು, ಆಮೇಲೆ ಎರಡು, ಎರಡು. ಒಂದು ಮರ, ಒಂದು ಕೊಂಬೆ. ಅಣ್ಣನ ಜಾತಿ ಮತ್ತು ಸಾಮಾನ್ಯ ಜಾತಿ ಒಂದೇ ರೆಂಬೆಯಲ್ಲಿ ಅಕ್ಕಪಕ್ಕ ಕೂತಿವೆ.

ಗೆದ್ದೆ ಎಂದು ಕುಣಿಯಬೇಕಿತ್ತು. ಇಳಿಯುವಾಗ ಜೀಪು ನಿಲ್ಲಿಸಿ ವಾಂತಿ ಮಾಡಿಕೊಂಡೆ. ಆ ಡ್ರೈವರ್ ತಿರುವಿನಲ್ಲಿ ಸ್ವಲ್ಪವೂ ನಿಧಾನ ಮಾಡುವುದಿಲ್ಲ. ಬೈದೆ. "ಮೇಡಂ, ಇಪ್ಪತ್ತರಲ್ಲೇ ಹೋಗ್ತಾ ಇದ್ದೆ," ಅಂದ. ಎದುರು ಮಾತು ಬೇರೆ.

ಸಂಜೆ: "ಏನಂತೆ ನನ್ನ ಮರ?"

"ಹೂ ಬಿಟ್ಟಿದೆ."

"ಬಿಡದೇ ಏನು! ಈ ತಿಂಗಳು ಅದರದ್ದೇ." ಮತ್ತೇನೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಸುಸ್ತಾಗಿತ್ತು.

ಮಾರ್ಚ್ 17, ಸೋಮವಾರ

ನೆರಳಿನ ಎಲೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನಿಸುತ್ತದೆ. ಬೆಳಕು ಕಮ್ಮಿಯಾದರೆ ಎಲೆ ಪೂರ್ತಿ ಬಲಿಯುವುದಿಲ್ಲ. ಬಲಿಯದ ಎಲೆಯಿಂದ ಜಾತಿ ತೀರ್ಮಾನಿಸುವುದು ಅನ್ಯಾಯ. ಬಿಸಿಲಿನ ಎಲೆ ಮಾತ್ರ ನೋಡಬೇಕೆಂದು ಕರಡಿನಲ್ಲಿ ಒಂದು ವಾಕ್ಯ ಸೇರಿಸಿದೆ.

ಹುಳ ಕಚ್ಚಿದ ಎಲೆಗಳನ್ನೂ ಬಿಟ್ಟೆ.

ಮಾರ್ಚ್ 19, ಬುಧವಾರ

ಮತ್ತೆ ಬೆಟ್ಟಕ್ಕೆ ಹೋಗಿದ್ದೆ. ಕೆಳಗಿನ ಕೊಂಬೆಗಳು ಬೇರೆ ಮರದವೇ ಏಕಾಗಿರಬಾರದು? ಎರಡು ಸಸಿ ಒತ್ತೊತ್ತಾಗಿ ಹುಟ್ಟಿ, ಬೆಳೆಯುತ್ತ ಬೆಳೆಯುತ್ತ ಒಂದೇ ಬುಡದಂತೆ ಕೂಡಿಕೊಳ್ಳುವುದು ಕಂಡದ್ದೇ. ಒಂದು ಅಣ್ಣನದು, ಇನ್ನೊಂದು ಸಾಮಾನ್ಯದ್ದು. ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಸನಿಕೆಯಿಂದ ಬುಡದ ಮಣ್ಣು ಬಿಡಿಸಿದೆ. ಡ್ರೈವರ್ ಸ್ವಲ್ಪ ಹೊತ್ತು ನೋಡಿ, "ನಿಧಿ ಗಿಧಿ ಇದೆಯಾ ಮೇಡಂ?" ಎಂದು ತಾನೂ ಕೈ ಹಾಕಿದ. ಒಂದೇ ಬುಡ. ಸುತ್ತಲೂ ತೋಡಿದೆವು, ಒಂದೇ ಬುಡ. ಮಣ್ಣು ಮತ್ತೆ ಮುಚ್ಚಿ, ತುಳಿದು, ಬಂದೆವು.

ಇನ್ನೊಂದು ಸಲ ಬೇರೆ ಋತುವಿನಲ್ಲಿ ನೋಡಬೇಕು.

ಮಾರ್ಚ್ 21, ಶುಕ್ರವಾರ

ಕರಡು ಓದಿ ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ನೆರಳಿನ ಎಲೆ ಬಿಡಿ ಅಂತೀರಿ, ಹುಳದ್ದು ಬಿಡಿ ಅಂತೀರಿ, ಎಳೇದು ಬಿಡಿ, ಹಳೇದು ಬಿಡಿ. ಇಷ್ಟೆಲ್ಲ ಬಿಟ್ರೆ ಮರದಲ್ಲಿ ಉಳಿಯೋದೇನು?"

"ಉಳಿದದ್ದರಲ್ಲಿ ಎರಡು ಗುಳ್ಳೆ ಇದೆಯಲ್ಲ ಸಾರ್."

"ನಿಮ್ಮ ಕೈಲಿ ಇಂಥ ಬರಹ ನಾನು ನೋಡಿರ್ಲಿಲ್ಲ." ನಿಧಾನವಾಗಿಯೇ ಹೇಳಿದರು. ಮೈ ಉರಿದುಹೋಯಿತು. ಕಾಮಾಲೆ ಕಣ್ಣಿನವರಿಗೆ ಕಾಣುವುದೆಲ್ಲ ಹಳದಿ. ಈ ಮನುಷ್ಯ ಬೆಟ್ಟ ಹತ್ತಿ ಎಷ್ಟು ವರ್ಷವಾಯಿತೋ! ಕುರ್ಚಿಯಲ್ಲಿ ಕೂತು ಅಣ್ಣನ ಜಾತಿಯನ್ನು ಮುಗಿಸಲು ಹೊರಟಿದ್ದಾರೆ. ಬಾಗಿಲು ದಡಾರನೆ ಹಾಕಿಕೊಂಡು ಬಂದೆ.

ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಕಾಯಲಿ.

ಮಾರ್ಚ್ 24, ಸೋಮವಾರ

ಅಣ್ಣನ ಕಾಲು ಊದಿದೆ. ಅತ್ತಿಗೆ ಬಟ್ಟೆ ಒಗೆಯಲು ಹೋದಾಗ ನಾನು ಕೂತಿದ್ದೆ. ಕಣ್ಣು ಮುಚ್ಚಿದ್ದ, ಮಲಗಿದ್ದಾನೆಂದುಕೊಂಡೆ. ಇದ್ದಕ್ಕಿದ್ದಂತೆ ಮಾತಾಡಿದ.

"ಬೇರೆಯವರ ಕೈಗೆ ಹೋಗಿದ್ರೆ ನನಗೆ ಹೆದರಿಕೆ ಆಗ್ತಿತ್ತು ಗಿಡ್ಡಿ. ನೀನು ಜಗಳಗಂಟಿ. ಆದ್ರೆ ಎಲೆ ವಿಷ್ಯದಲ್ಲಿ ಒಂದು ಸುಳ್ಳು ಹೇಳಿದವಳಲ್ಲ."

"ಈಗ ಹೊಗಳಿ ಏನು ಬೇಕಾಗಿದೆ ನಿನಗೆ?"

ನಕ್ಕ. ನಗು ಕೆಮ್ಮಾಯಿತು. ಬೆನ್ನು ಸವರಿದೆ, ಬೆನ್ನೆಲುಬು ಒಂದೊಂದೂ ಕೈಗೆ ಸಿಕ್ಕಿತು. "ಮಕ್ಕಳಿಲ್ಲ, ಮರಿ ಇಲ್ಲ," ಎಂದ. "ನಾನು ಹೋದ ಮೇಲೆ ಉಳಿಯೋದು ಅದೊಂದೇ ನೋಡು. ಯಾರೋ ಕೈಪಿಡಿ ತೆಗೀತಾರೆ, ಗುಳ್ಳೆ ಎಣಿಸ್ತಾರೆ, ಎರಡಿದೆ ಅಂತಾರೆ, ಆ ಹೆಸರು ಓದ್ತಾರೆ. ನನಗಷ್ಟು ಸಾಕು." ಆಮೇಲೆ, "ಒಂದ್ಸಲ ನನಗೆ ತಂದು ಕೊಡು. ಕಣ್ಣು ಹೋದ್ರೇನು, ಉಗುರಿದೆಯಲ್ಲ."

ತರುತ್ತೇನೆ ಅಂದೆ. ಬೇರೆ ಏನನ್ನುತ್ತಿದ್ದೆ?

ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಯಾಕೆಂದು ಗೊತ್ತಿಲ್ಲ. ಆ ಜಾತಿಯ ಮೇಲೆ ನನಗೆ ಎಂದೂ ಮೋಹವಿರಲಿಲ್ಲ.

ಮಾರ್ಚ್ 27, ಗುರುವಾರ

ಬೆಳಿಗ್ಗೆಯೇ ಹೊರಟೆವು. ಏಣಿ ಹಾಕಿಸಿ ಬಿಸಿಲಿನ ಕಡೆ ನಾನೇ ಹತ್ತಿದೆ. ಒಂದೊಂದು ಎಲೆಯನ್ನೂ ಉಗುರಿನಿಂದ ಮುಟ್ಟಿ, ಎರಡೂ ಗುಳ್ಳೆ ಎದ್ದು ಕಾಣುವಂಥದ್ದನ್ನೇ ಆರಿಸಿ ಆರಿಸಿ ಕಿತ್ತೆ. ಡ್ರೈವರ್ ಕೆಳಗಿನಿಂದ, "ಕತ್ತರಿ ಕೊಡ್ಲಾ ಮೇಡಂ?" ಎಂದು ಕೇಳಿದ. ಬೇಡ ಅಂದೆ. ಒಂದು ಮುಷ್ಟಿಯಷ್ಟು ಆಯಿತು. ಒದ್ದೆ ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ಸಾಯುವವನಿಗೆ ಒಂದು ಸಂತೋಷ ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಅತ್ತಿಗೆ ದಿಂಬು ಒರಗಿಸಿ ಅವನನ್ನು ಕೂರಿಸಿದ್ದಳು. ತಲೆ ಬಾಚಿದ್ದಳು ಕೂಡ. ಅವಳು ಹಾಲು ಬಿಸಿಮಾಡಲು ಒಳಗೆ ಹೋದಳು. ನಾನು ಕರವಸ್ತ್ರ ಬಿಚ್ಚಿ ಎಲೆಗಳನ್ನು ಅವನ ಮಡಿಲಿಗೆ ಹಾಕಿದೆ.

ಒಂದು ಎಲೆ ತೆಗೆದ. ಬುಡ ಹಿಡಿದು, ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಎಳೆದ. "ಇಲ್ಲೊಂದು." ಇನ್ನೂ ಮುಂದೆ ಎಳೆದ. "ಇಲ್ಲೊಂದು. ಇದೆ ಗಿಡ್ಡಿ!" ಅವನ ಮುಖ ಹಾಗೆ ಅರಳಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಎರಡನೆಯ ಎಲೆ ನೋಡಿದ, ಮೂರನೆಯದು ನೋಡಿದ. ಎರಡು, ಎರಡು. ನನಗೂ ನಗು ಬಂತು.

ಆಮೇಲೆ ಅವನ ಕೈ ಮಡಿಲಲ್ಲಿ, ಹೊದಿಕೆಯ ಮೇಲೆ, ಹಾಸಿಗೆಯ ಮೇಲೆ ಏನನ್ನೋ ಹುಡುಕತೊಡಗಿತು.

"ಕೊಂಬೆ ಎಲ್ಲೇ?"

"ಏನು?"

"ಕೊಂಬೆ. ಇವನ್ನ ಕಿತ್ತ ಕೊಂಬೆ."

ಸಸ್ಯದ ಕೆಲಸಕ್ಕೆ ಕಾಲಿಟ್ಟ ಮೊದಲ ದಿನವೇ ಹೇಳಿಕೊಡುವ ಪಾಠವದು: ಎಲೆ ತರಬೇಡ, ಕೊಂಬೆ ತಾ. ಬಿಡಿ ಎಲೆ ಸಾಕ್ಷಿಯಲ್ಲ; ಅದರ ಅಕ್ಕಪಕ್ಕ ಏನಿತ್ತೆಂದು ಅದು ಹೇಳುವುದಿಲ್ಲ. ಮೂವತ್ತೈದು ವರ್ಷದಲ್ಲಿ ನಾನು ಒಂದೇ ಒಂದು ಬಿಡಿ ಎಲೆಯನ್ನು ಯಾರ ಮುಂದೆಯೂ ಇಟ್ಟವಳಲ್ಲ. ಇವತ್ತು ಮುಷ್ಟಿ ತುಂಬ ತಂದಿದ್ದೆ. ಅದು ನನ್ನ ತಲೆಗೇ ಹೊಳೆದಿರಲಿಲ್ಲ.

"ಕತ್ತರಿ ಮರೆತು ಹೋಗಿದ್ದೆ," ಅಂದೆ.

"ನೀನು?"

"ಹೂಂ."

ಬೆರಳು ಎಲೆಯ ಮೇಲೇ ಇತ್ತು, ಆದರೆ ಉಗುರು ಓಡುತ್ತಿರಲಿಲ್ಲ. "ಬಿಡಿ ಎಲೆ ತರೋರು ಒಂದೋ ಮಕ್ಕಳು," ಎಂದ. "ಇಲ್ಲಾ..." ಮಡಿಲಿನ ಎಲೆಗಳನ್ನು ತಡಕಾಡಿ ಒಂದೊಂದಾಗಿ ಹೆಕ್ಕಿ, ನನ್ನ ಕೈ ಹುಡುಕಿ, ಅಂಗೈಯಲ್ಲಿಟ್ಟ. ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಅತ್ತಿಗೆ ಹಾಲು ತಂದಳು. "ಹೇಗಿದೆ ನಿಮ್ಮ ಮರ?" ಎಂದು ಕೇಳಿದಳು.

"ಚೆನ್ನಾಗಿದೆ," ಎಂದ.

ಮಾರ್ಚ್ 28, ಶುಕ್ರವಾರ

ಕೇಳಲಿಲ್ಲ.

ಮಾರ್ಚ್ 29, ಶನಿವಾರ

ಇವತ್ತೂ ಅಣ್ಣ ಮರದ ಸುದ್ದಿ ಕೇಳಲಿಲ್ಲ. ಬೇಕೆಂದೇ ಅವನ ಬಾಗಿಲಲ್ಲಿ ಚಪ್ಪಲಿ ಸದ್ದು ಮಾಡಿದೆ. ದಿಂಬು ಸರಿಮಾಡಿದೆ. "ಥ್ಯಾಂಕ್ಸ್," ಎಂದ.

ಅಣ್ಣ ನನಗೆ ಥ್ಯಾಂಕ್ಸ್ ಹೇಳಿದವನಲ್ಲ. ಬೈದಿದ್ದಾನೆ, ರೇಗಿಸಿದ್ದಾನೆ, ಒಮ್ಮೆ ಅಳತೆ ಪಟ್ಟಿಯಿಂದ ಕೈಗೆ ಹೊಡೆದಿದ್ದಾನೆ. ಇಂಥ ಮಾತು ಪಕ್ಕದ ಮನೆಯವರಿಗೆ ಹೇಳುವಂಥದ್ದು.

ಮಾರ್ಚ್ 31, ಸೋಮವಾರ

ಹೇಳಿಬಿಡೋಣವೆಂದು ಹೋದೆ. ಮಂಚದ ಪಕ್ಕ ಕೂತು, "ಅಣ್ಣಾ, ಆ ಮರದ್ದು..." ಅಂದೆ.

"ನಿದ್ದೆ ಬರ್ತಿದೆ," ಎಂದು ಗೋಡೆಯ ಕಡೆ ತಿರುಗಿದ. ನಿದ್ದೆ ಬಂದಿರಲಿಲ್ಲ. ಉಸಿರಿನಲ್ಲೇ ತಿಳಿಯುತ್ತಿತ್ತು.

ನಾನು ಮೊದಲ ದಿನವೇ ಹೇಳಿದ್ದರೆ ಜಗಳವಾಡುತ್ತಿದ್ದ. ನನ್ನನ್ನು ದಡ್ಡಿ ಅನ್ನುತ್ತಿದ್ದ, ನೆರಳಿನ ಎಲೆ ಲೆಕ್ಕಕ್ಕಿಲ್ಲ ಎಂದು ಹಾರಾಡುತ್ತಿದ್ದ. ಒಂದಷ್ಟು ದಿನ ಆ ಸಿಟ್ಟಿನಲ್ಲಾದರೂ ಬದುಕಿರುತ್ತಿದ್ದ. ಈಗ ಅವನಿಗೆ ಮರವೂ ಇಲ್ಲ, ಜಗಳಕ್ಕೆ ನಾನೂ ಇಲ್ಲ. ಎರಡನ್ನೂ ಒಂದೇ ಮುಷ್ಟಿಯಲ್ಲಿ ಕಿತ್ತುಕೊಂಡೆ. ಕೊಡಲು ಹೋಗಿ ಕಿತ್ತುಕೊಂಡೆ.

ಏಪ್ರಿಲ್ 2, ಬುಧವಾರ

ಪುಟ ಬರೆದುಕೊಟ್ಟೆ. ಎರಡನೆಯ ಗ್ರಂಥಿ ಬೆಳಕಿಗೆ ತಕ್ಕಂತೆ ಮೂಡುವಂಥದ್ದು, ಒಂದೇ ಮರದಲ್ಲಿ ಎರಡೂ ಬಗೆಯ ಎಲೆಗಳಿವೆ, ಆದ್ದರಿಂದ ಈ ಹೆಸರನ್ನು ಸಾಮಾನ್ಯ ಜಾತಿಯಲ್ಲಿ ಸೇರಿಸಲಾಗಿದೆ. ನಾಲ್ಕು ಸಾಲು. ಮುಖ್ಯಸ್ಥರು ಓದಿ, "ಕಷ್ಟವಾಗಿರಬೇಕು," ಎಂದರು. ಇಲ್ಲ ಅಂದೆ. ಬೇಗ ಆಯಿತು.

ಹಾಳೆಗಳ ಮೇಲೆ ಹೊಸ ಚೀಟಿ ಅಂಟಿಸುವುದು ಬಾಕಿ ಇದೆ. ಅಣ್ಣನ ಅಕ್ಷರದ ಪಕ್ಕದಲ್ಲೇ ಅಂಟಿಸಬೇಕು.

ಏಪ್ರಿಲ್ 5, ಶನಿವಾರ

ಗಂಜಿ ಬೇಡವಂತೆ. ಹಾಲೂ ಬೇಡ. ಡಾಕ್ಟರು ಬಂದು ನೋಡಿ, ಬಲವಂತ ಮಾಡಬೇಡಿ ಎಂದರು.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಹೋದ. ಅತ್ತಿಗೆ ಕರೆದಾಗ ನಾನು ಹಲ್ಲುಜ್ಜುತ್ತಿದ್ದೆ. ನಾನು ಇಳಿದು ಬರುವಷ್ಟರಲ್ಲಿ ಮುಗಿದಿತ್ತು.

ಏಪ್ರಿಲ್ 21, ಸೋಮವಾರ

ಬಂದವರೆಲ್ಲ ಹೋದರು. ಮನೆ ಬಿಕೋ ಎನ್ನುತ್ತದೆ. ಕೆಲಸದಿಂದ ಬಂದಾಗ ಅತ್ತಿಗೆ ಅವನ ಮಂಚದ ಮೇಲೆ ಒಬ್ಬಳೇ ಕೂತಿದ್ದಳು. ಹಾಸಿಗೆ ಸುತ್ತಿಟ್ಟಾಗಿತ್ತು. ಮೇಲೆ ಹೋಗಲು ಹೆಜ್ಜೆ ಇಟ್ಟವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಅಂತಿದ್ದೆ," ಎಂದಳು. "ಆಸ್ಪತ್ರೆಯಿಂದ ಬಂದಾಗಿನಿಂದ ಅವರಿಗೆ ಬೇರೆ ಯೋಚನೆನೇ ಇರ್ಲಿಲ್ಲ. ನೀನು ಬರೋದನ್ನೇ ಕಾಯ್ತಿದ್ರು. ಗಿಡ್ಡಿ ಬಂದ್ಲಾ, ಏನಂದ್ಲು, ಮರ ಏನಾಯ್ತು, ದಿನಾ ಇದೇ. ಆ ದಿನ ನೀನು ಎಲೆ ತಂದುಕೊಟ್ಟೆಯಲ್ಲ, ಅವತ್ತಿಗೆ ಆ ಕೇಳೋದೆಲ್ಲ ನಿಂತುಹೋಯ್ತು. ಒಂದ್ಸಲನೂ ಮರದ ಮಾತೆತ್ತಲಿಲ್ಲ. ಅಷ್ಟು ಶಾಂತವಾಗಿ ಇದ್ದದ್ದು ನಾನು ನೋಡೇ ಇರ್ಲಿಲ್ಲ. ಮನಸ್ಸು ತುಂಬಿತ್ತು ಅಂತ ಕಾಣುತ್ತೆ. ನೀನು ಒಳ್ಳೇ ಸುದ್ದಿ ಹೇಳಿದೆ ಅಲ್ವಾ?"

ಹೂಂ ಅಂದೆ.

"ನಿನಗೆ ಪುಣ್ಯ ಬರ್ಲಿ," ಎಂದು ನನ್ನ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.